ಮರಣದ ಸುದ್ದಿಯನ್ನು ಜೈಲಿನೊಳಗೆ ಹೇಳುವವರು ಯಾರು?

ಕಳೆದ ತಿಂಗಳು ಹೊಳಲಿಗೆ ಹೋಗಿದ್ದೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ವಿಜಯನಗರ ಜಿಲ್ಲೆ ಹೂವಿನಹಡಗಲಿ ತಾಲೂಕಿನ ಊರು ಅದು. ಮಲ್ಲಿಗೆಗೆ ಹೆಸರಾದ ಹಡಗಲಿಯೇ. ನಮ್ಮ ಕಡೆಯವರೊಬ್ಬರು ಅಲ್ಲಿ ಬೇಕರಿ ಇಟ್ಟಿದ್ದಾರೆ, ಅವರ ಮನೆಯ ಕಾರ್ಯಕ್ಕೆ ಹೋದದ್ದು. ಅಸರ್ ನಮಾಝಿಗೆಂದು ಮಸೀದಿಗೆ ಹೋದರೆ ಇನ್ನೂ ಬಾಂಗ್ ಆಗಿರಲಿಲ್ಲ. ಅಲ್ಲಿನವರು ಹನಫಿಗಳು, ಅವರ ಅಸರ್ ನಮ್ಮ ಲೆಕ್ಕಕ್ಕಿಂತ ತಡ. ಹೊರಗಿನ ಕಟ್ಟೆಯಲ್ಲಿ ಕಾಯುತ್ತ ಕೂತಾಗ ಪಕ್ಕದಲ್ಲಿದ್ದ ಹಿರಿಯರೊಬ್ಬರು ಮಾತಿಗೆ ಸಿಕ್ಕರು. ಮಂಗಳೂರು ಕಡೆಯವನು ಎಂದು ಗೊತ್ತಾದ ಕೂಡಲೇ ಅವರು ಕೇಳಿದ ಮೊದಲ ಪ್ರಶ್ನೆ ಇದು: "ನಿಮ್ಮ ಕಡೆ ಉಸ್ತಾದರು ಜೈಲಿಗೆ ಹೋಗ್ತಾರಂತಲ್ರಿ ಭಾಯ್, ಖರೇ ಏನು?"

ರಮಝಾನಿನಲ್ಲಿ ಹೋಗುವುದುಂಟು ಚಾಚಾ, ಯಾಕೆ ಕೇಳಿದಿರಿ ಎಂದೆ.

"ನಮ್ಮ ಸಣ್ಣ ಹುಡುಗ ಒಳಗದಾನ್ರಿ. ಎರಡು ವರ್ಷ ಆಗಾಕ ಬಂತು, ಕೇಸು ಇನ್ನೂ ನಡದಿಲ್ಲ. ಹೋದ ಮಳಿಗಾಲದಾಗ ಅವರಮ್ಮ ಹೋಗಿಬಿಟ್ಲು. ಜೈಲಿಗೆ ಫೋನ್ ಹಚ್ಚಿದ್ವಿ, ಎತ್ತಲಿಲ್ಲ. ವಕೀಲರಿಗೆ ಹೇಳಿದ್ವಿ, ನೋಡೋಣು ಅಂದ್ರು. ಮಣ್ಣು ಮಾಡಿ, ಜಿಯಾರತ್ ಮುಗಿಸಿ, ರೊಕ್ಕ ಹೊಂದಿಸ್ಕೊಂಡು ನಾನ ಹೋದೆ. ಒಂಬತ್ತನೇ ದಿನ. ಅಂವಗ ಗೊತ್ತ ಇರಲಿಲ್ಲ. ಅಮ್ಮಿ ಹೆಂಗದಾಳ ಅಂತ ಅಂವನ ಮೊದಲು ಕೇಳಿದ. ಜಾಳಿಗಿ ಆಚೆ ಅಂವ, ಈಚೆ ನಾನು. ಹೇಳಿದೆ. ಹೆಗಲ ಮ್ಯಾಲ ಒಂದು ಕೈ ಇಡಾಕೂ ಆಗಲಿಲ್ರಿ. ಅಷ್ಟರಾಗ ಟೈಮ್ ಆತು ಅಂದ್ರು."

ಆ ಜೈಲು ಯಾವುದು ಎಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ಮಾತು ಆ ಒಂದು ಜೈಲಿನ, ಫೋನ್ ಎತ್ತದ ಆ ಒಬ್ಬ ಸಿಬ್ಬಂದಿಯ ಮೇಲೆ ಹೋಗಿ ನಿಲ್ಲುತ್ತದೆ. ಚಾಚಾ ಕೇಳಿದ್ದು ಅದನ್ನಲ್ಲ. ಒಳಗೆ ಇರುವವನಿಗೆ ಇಂಥ ಸುದ್ದಿಯನ್ನು ಹತ್ತಿರ ಕೂತು ಹೇಳುವವರು, ಹೇಳಿದ ಮೇಲೆ ಹತ್ತು ನಿಮಿಷ ಜತೆಗಿರುವವರು ಯಾರಾದರೂ ಇದ್ದಾರಾ ಎಂಬುದು ಅವರ ಪ್ರಶ್ನೆ. ನಮ್ಮ ದೇಶದ ಜೈಲು ವ್ಯವಸ್ಥೆಯಲ್ಲಿ ಈ ಕೆಲಸಕ್ಕೆಂದೇ ಇಟ್ಟ ಮನುಷ್ಯ ಇಲ್ಲ. ಬೇರೆ ಕೆಲವು ದೇಶಗಳಲ್ಲಿ ಇದ್ದಾನೆ. ಅವನಿಗೆ ಅಲ್ಲಿ ಚಾಪ್ಲಿನ್ ಎನ್ನುತ್ತಾರೆ. ನಾವು ಜೈಲು ಇಮಾಮ್ ಎನ್ನಬಹುದು, ಜೈಲಿಗೆ ಬರುವ ಉಸ್ತಾದ್ ಎನ್ನಬಹುದು, ಪಾದ್ರಿ, ಸ್ವಾಮೀಜಿ ಯಾರೂ ಆಗಬಹುದು.

ಈ ಹುದ್ದೆ ಹಳೆಯದು. ಇಂಗ್ಲೆಂಡಿನ 1952ರ ಜೈಲು ಕಾನೂನಿನ ಪ್ರಕಾರ ಪ್ರತಿ ಜೈಲಿಗೂ ಒಬ್ಬ ಗವರ್ನರ್, ಒಬ್ಬ ಚಾಪ್ಲಿನ್ ಇರಲೇಬೇಕು. ಆ ಚಾಪ್ಲಿನ್ ಅಲ್ಲಿನ ಅಧಿಕೃತ ಚರ್ಚಿನ ಪಾದ್ರಿಯೇ ಆಗಿರಬೇಕೆಂದೂ ಬರೆದಿದ್ದರು. ಉಳಿದ ಧರ್ಮದವರಿಗೆ ಬೇರೆ ಸೆಕ್ಷನ್ನಿನಡಿ ನೇಮಕ. ಮುಸ್ಲಿಂ ಕೈದಿಗಳ ಸಂಖ್ಯೆ ಏರುತ್ತ ಹೋದಂತೆ 1999ರಲ್ಲಿ ಅಲ್ಲಿನ ಜೈಲು ಇಲಾಖೆ ಮೊದಲ ಸಲ ಒಬ್ಬ ಮುಸ್ಲಿಂ ಸಲಹೆಗಾರರನ್ನು ನೇಮಿಸಿತು. ಈಗ ಅಲ್ಲಿ ಇಮಾಮರು ಸರಕಾರಿ ಸಂಬಳದ ಮೇಲೆ ಇದ್ದಾರೆ, ಮಹಿಳಾ ಜೈಲುಗಳಲ್ಲಿ ಮುಸ್ಲಿಂ ಮಹಿಳೆಯರೂ ಈ ಕೆಲಸ ಮಾಡುತ್ತಾರೆ.

ಅವರ ಕೆಲಸ ನಮಾಝ್ ಮಾಡಿಸುವುದು ಮಾತ್ರ ಎಂದು ನಾವು ಅಂದುಕೊಳ್ಳುತ್ತೇವೆ. ನಿಯಮ ಓದಿದರೆ ಬೇರೆಯೇ ಚಿತ್ರ ಸಿಗುತ್ತದೆ. ಹೊಸಬ ಒಳಗೆ ಬಂದ ಕೂಡಲೇ ಅವನನ್ನು ಒಬ್ಬನನ್ನೇ ಕೂರಿಸಿ ಮಾತಾಡಬೇಕು. ಬಿಡುಗಡೆಗೆ ಸ್ವಲ್ಪ ಮೊದಲು ಇನ್ನೊಮ್ಮೆ. ಕಾಯಿಲೆ ಬಿದ್ದವನನ್ನು, ಶಿಕ್ಷೆಯೆಂದು ಒಂಟಿ ಸೆಲ್‌ನಲ್ಲಿ ಹಾಕಿದವನನ್ನು ದಿನವೂ ನೋಡಬೇಕು. ಮನೆಯಲ್ಲಿ ಸಾವಾದರೆ ಸಾಮಾನ್ಯವಾಗಿ ಸುದ್ದಿ ಬರುವುದು ಚಾಪ್ಲಿನ್ ಕಚೇರಿಗೆ, ಹೋಗಿ ಹೇಳುವವನೂ ಅವನೇ. ಹೀಗೆ ನೋಡಿದರೆ ಮನುಷ್ಯ ಕುಸಿಯುವ ಜಾಗಗಳು ಯಾವುವೋ ಅಲ್ಲೆಲ್ಲ ಅವನ ಡ್ಯೂಟಿ ಹಾಕಿದ್ದಾರೆ. ಮೊದಲ ರಾತ್ರಿ, ಕಾಯಿಲೆ, ಏಕಾಂತ, ಮರಣ, ಹೊರಗೆ ಕಾಲಿಡುವ ದಿನ.

ವಿಶ್ವಸಂಸ್ಥೆಯ ನೆಲ್ಸನ್ ಮಂಡೇಲಾ ನಿಯಮಗಳಲ್ಲೂ ಇದು ಉಂಟು. 1955ರ ಹಳೆಯ ನಿಯಮಗಳನ್ನು ತಿದ್ದಿ 2015ರ ಡಿಸೆಂಬರ್‌ನಲ್ಲಿ ಮಹಾಸಭೆ ಒಪ್ಪಿದ ಪಟ್ಟಿ ಅದು, 27 ವರ್ಷ ಜೈಲಲ್ಲಿದ್ದವರ ಹೆಸರಿನದು. ಒಂದೇ ಧರ್ಮದ ಕೈದಿಗಳು ಸಾಕಷ್ಟು ಸಂಖ್ಯೆಯಲ್ಲಿದ್ದರೆ ಆ ಧರ್ಮದ ಅರ್ಹ ಪ್ರತಿನಿಧಿಯನ್ನು ನೇಮಿಸಬೇಕು ಅಥವಾ ಒಪ್ಪಿಗೆ ಕೊಡಬೇಕು ಎನ್ನುತ್ತದೆ 65ನೇ ನಿಯಮ. ಅವರು ಕೈದಿಯ ಜತೆ ಖಾಸಗಿಯಾಗಿ ಮಾತಾಡುವ ಅವಕಾಶ ಇರಬೇಕು. ಕೈದಿಗೆ ಬೇಡವೆಂದರೆ ಬಲವಂತ ಮಾಡಬಾರದು, ಅವನ ಮನಸ್ಸಿಗೆ ಪೂರ್ತಿ ಮರ್ಯಾದೆ ಕೊಡಬೇಕು. 70ನೇ ನಿಯಮ ಚಾಚಾನ ಪ್ರಶ್ನೆಗೆ ನೇರ ಸಂಬಂಧಪಟ್ಟದ್ದು: ಹತ್ತಿರದವರ ಗಂಭೀರ ಕಾಯಿಲೆ ಅಥವಾ ಮರಣದ ಸುದ್ದಿಯನ್ನು ಕೈದಿಗೆ ತಕ್ಷಣ ತಿಳಿಸಬೇಕು, ಸಾಧ್ಯವಾದಲ್ಲಿ ಅಂತಿಮ ದರ್ಶನಕ್ಕೆ ಹೋಗಲು ಬಿಡಬೇಕು. ಒಂಬತ್ತನೇ ದಿನ ಅಪ್ಪನೇ ಬಂದು ಜಾಳಿಗೆಯ ಆಚೆಯಿಂದ ಹೇಳುವುದು ಯಾವ ನಿಯಮದಲ್ಲೂ ಇಲ್ಲ.

ಈ ನಿಯಮಗಳು ನಮ್ಮ ಮೇಲೆ ಕಾನೂನಿನಂತೆ ಕಟ್ಟುಬೀಳುವುದಿಲ್ಲ, ನಿಜ. ಆದರೆ ಜೈಲಿನ ಗೇಟು ದಾಟಿದ ಮಾತ್ರಕ್ಕೆ ಮನುಷ್ಯ ಮೂಲಭೂತ ಹಕ್ಕುಗಳನ್ನೆಲ್ಲ ಕಳೆದುಕೊಳ್ಳುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1970ರ ದಶಕದಿಂದಲೂ ಹೇಳುತ್ತ ಬಂದಿದೆ. ಸುನಿಲ್ ಬಾತ್ರಾ ಪ್ರಕರಣದ 1978 ಮತ್ತು 1980ರ ಎರಡು ತೀರ್ಪುಗಳು ಇದಕ್ಕೆ ಅಡಿಪಾಯ. ಎರಡನೆಯದು ಶುರುವಾದದ್ದು ತಿಹಾರ್ ಜೈಲಿನ ಒಬ್ಬ ಕೈದಿ ಇನ್ನೊಬ್ಬ ಕೈದಿಯ ಮೇಲಾದ ಹಿಂಸೆಯ ಬಗ್ಗೆ ನ್ಯಾಯಮೂರ್ತಿಗಳಿಗೆ ಬರೆದ ಪತ್ರದಿಂದ. ಆ ಪತ್ರವನ್ನೇ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ಪೀಠ ಅರ್ಜಿಯೆಂದು ತೆಗೆದುಕೊಂಡಿತು. ಹೊರಗಿನವರು ಬಂದು ನೋಡುವುದು, ಮಾತಾಡುವುದು ಕೈದಿಯ ಜೀವಕ್ಕೇ ರಕ್ಷಣೆ ಎಂಬುದು ಆ ತೀರ್ಪಿನ ತಿರುಳು. ಧರ್ಮ ಆಚರಿಸುವ ಸಂವಿಧಾನದ 25ನೇ ವಿಧಿಯ ಹಕ್ಕೂ ಹೀಗೆಯೇ, ಜೈಲಿನ ಶಿಸ್ತಿಗೆ ಒಳಪಟ್ಟು ಉಳಿಯುತ್ತದೆ.

ಹಾಗಾದರೆ ನಮ್ಮಲ್ಲಿ ನಡೆಯುವುದು ಏನು? ಜೈಲು ರಾಜ್ಯದ ವಿಷಯ. ಕರ್ನಾಟಕದಲ್ಲಿ 1963ರ ಕಾರಾಗೃಹ ಕಾಯ್ದೆ, 1974ರ ನಿಯಮಗಳು, ಆಮೇಲೆ 2021ರ ಕೈಪಿಡಿ. ಹೊರಗಿನ ಧರ್ಮಗುರುಗಳು, ಸಂಘ ಸಂಸ್ಥೆಯವರು ಒಳಗೆ ಬರುವುದು ಅಧಿಕಾರಿಗಳ ಅನುಮತಿಯ ಮೇಲೆ. ಒಬ್ಬ ಸೂಪರಿಂಟೆಂಡೆಂಟ್ ಒಳ್ಳೆಯವರಾದರೆ ಬಾಗಿಲು ತೆರೆಯುತ್ತದೆ, ಅವರಿಗೆ ವರ್ಗವಾದರೆ ಮುಚ್ಚುತ್ತದೆ. ಬಂದವರು ಕೂಡ ಹೆಚ್ಚಾಗಿ ಹಬ್ಬಕ್ಕೆ ಬರುವವರು. ರಮಝಾನಿನಲ್ಲಿ ಖರ್ಜೂರದ ಪೆಟ್ಟಿಗೆ, ಹಣ್ಣು, ಒಂದು ಉಪನ್ಯಾಸ, ಅಧಿಕಾರಿಗಳ ಜತೆ ಒಂದು ಫೋಟೊ. ಮರುದಿನ ಪೇಪರಲ್ಲಿ ಸುದ್ದಿ, ನಮ್ಮ ಪುಟದಲ್ಲೂ ಹಾಕಿದ್ದೇವೆ. ಅದನ್ನು ಕೀಳಾಗಿ ಹೇಳುತ್ತಿಲ್ಲ. ಉಪವಾಸ ಹಿಡಿದವನಿಗೆ ಆ ಖರ್ಜೂರ ದೊಡ್ಡದೇ. ಆದರೆ ಶವ್ವಾಲ್ ಒಂದರಿಂದ ಮುಂದಿನ ಶಅಬಾನ್ ಕೊನೆಯವರೆಗೆ ಹನ್ನೊಂದು ತಿಂಗಳುಂಟು ಮಾರಾಯ್ರೆ.

ನಾವು ಒಳಗೆ ಎಷ್ಟು ಜನ ಇದ್ದೇವೆ ಎಂಬುದನ್ನೂ ನೋಡಬೇಕು. ಎನ್‌ಸಿಆರ್‌ಬಿಯ ಲೆಕ್ಕದಂತೆ 2022ರ ಕೊನೆಗೆ ದೇಶದ ಜೈಲುಗಳಲ್ಲಿ ಇದ್ದವರು 5,73,220. ಅದರಲ್ಲಿ 4,34,302 ಮಂದಿ ವಿಚಾರಣಾಧೀನರು, ಎಂದರೆ ನಾಲ್ವರಲ್ಲಿ ಮೂವರ ಮೇಲಿನ ಆರೋಪ ಇನ್ನೂ ಸಾಬೀತಾಗಿಲ್ಲ. ಮುಸ್ಲಿಮರ ಪಾಲು ಜನಸಂಖ್ಯೆಯಲ್ಲಿ ಶೇ. 14ರಷ್ಟಾದರೆ ಜೈಲಿನಲ್ಲಿ ಅದಕ್ಕಿಂತ ಹೆಚ್ಚು. ದಲಿತರದ್ದು, ಆದಿವಾಸಿಗಳದ್ದೂ ಇದೇ ಕಥೆ. ಇದರ ಕಾರಣ ಚರ್ಚೆ ಮಾಡಲು ಇನ್ನೊಂದು ಲೇಖನ ಬೇಕು. ಮಂಡೇಲಾ ನಿಯಮ ಹೇಳುವ "ಸಾಕಷ್ಟು ಸಂಖ್ಯೆ" ನಮ್ಮ ಪ್ರತಿ ಕೇಂದ್ರ ಕಾರಾಗೃಹದಲ್ಲೂ ಇದೆ ಎಂಬುದರಲ್ಲಿ ಮಾತ್ರ ಅನುಮಾನವಿಲ್ಲ.

ಬಳ್ಳಾರಿಯ ಹಳೆಯ ನೆನಪು

ಹೊಳಲಿನವರಿಗೆ ದೊಡ್ಡ ಜೈಲು ಎಂದರೆ ಬಳ್ಳಾರಿ. ಹಡಗಲಿ, ಹಗರಿಬೊಮ್ಮನಹಳ್ಳಿ, ಮರಿಯಮ್ಮನಹಳ್ಳಿ, ಹೊಸಪೇಟೆ ದಾಟಿ ಬಳ್ಳಾರಿ ಮುಟ್ಟಬೇಕು. ಒಂದು ಮುಲಾಖಾತ್ ಎಂದರೆ ಒಂದು ದಿನದ ಕೂಲಿ ಹೋಯಿತು, ಬಸ್ಸಿನ ಖರ್ಚು ಬೇರೆ. ಬಳ್ಳಾರಿ ಎಂದಾಗ ನಮ್ಮ ಕರಾವಳಿಯ ಹಿರಿಯರಿಗೆ ಇನ್ನೊಂದು ನೆನಪಾಗಬೇಕು. 1921ರ ನವೆಂಬರ್ 19ರಂದು ತಿರೂರಿನಲ್ಲಿ ಸುಮಾರು ನೂರು ಮಂದಿ ಮಾಪಿಳ್ಳೆ ಕೈದಿಗಳನ್ನು ಗಾಳಿಯಾಡದ ಸರಕಿನ ಬೋಗಿಯಲ್ಲಿ ತುಂಬಿದರಲ್ಲ, ಆ ರೈಲು ಹೊರಟದ್ದು ಬಳ್ಳಾರಿ ಜೈಲಿಗೆ. ಪೋದನೂರಿನಲ್ಲಿ ಬಾಗಿಲು ತೆಗೆದಾಗ ಐವತ್ತಕ್ಕಿಂತ ಹೆಚ್ಚು ಮಂದಿ ಉಸಿರುಗಟ್ಟಿ ಸತ್ತಿದ್ದರು, ಆಸ್ಪತ್ರೆಯಲ್ಲಿ ತೀರಿದವರೂ ಸೇರಿ ಸತ್ತವರ ಸಂಖ್ಯೆ ಎಪ್ಪತ್ತರ ಹತ್ತಿರ ಹೋಯಿತು. ವಾಗನ್ ದುರಂತ ಎಂದು ಓದಿದ್ದೇವೆ. ಆ ರೈಲಿನಲ್ಲಿ ಸತ್ತವರ ಬಗ್ಗೆ ಸ್ಮಾರಕಗಳಿವೆ, ಪುಸ್ತಕಗಳಿವೆ. ಬೇರೆ ರೈಲುಗಳಲ್ಲಿ ಜೀವಂತವಾಗಿ ಬಳ್ಳಾರಿ ಮುಟ್ಟಿದವರ ಬಗ್ಗೆ ನಮ್ಮಲ್ಲಿ ಮಾತು ಕಡಿಮೆ. ಬಳ್ಳಾರಿಯಲ್ಲೂ ಅಲ್ಲೀಪುರದಲ್ಲೂ ದೊಡ್ಡ ಸಂಖ್ಯೆಯಲ್ಲಿ ಮಾಪಿಳ್ಳೆಗಳನ್ನು ಇಟ್ಟಿದ್ದರು. ಕನ್ನಡ ತೆಲುಗು ಬಾರದ, ಊರಿನ ಸುದ್ದಿ ಸಿಗದ ಜನ. ಶಿಕ್ಷೆಯಾದವರಲ್ಲಿ ಮುಸ್ಲಿಯಾರರೂ ಇದ್ದರು. ಎಂದರೆ ಇಮಾಮನೂ ಕೈದಿಯೇ. ಹೊರಗಿಂದ ಬರುವವರಿಲ್ಲದ ಜೈಲಿನಲ್ಲಿ ಹಾಗೆಯೇ ಆಗುತ್ತದೆ: ಒಳಗೆ ಇರುವವರಲ್ಲೇ ಒಬ್ಬ ಇಮಾಮನಾಗುತ್ತಾನೆ.

ಅದೇ ಮಾತು ಇಂದಿಗೂ ನಿಜ, ಆದರೆ ಇಂದು ಅದರಲ್ಲಿ ಒಂದು ಅಪಾಯವೂ ಉಂಟು. ಬೆಂಗಳೂರಿನ ಪರಪ್ಪನ ಅಗ್ರಹಾರ ಜೈಲಿನೊಳಗೇ ಯುವಕರನ್ನು ತೀವ್ರವಾದಕ್ಕೆ ಎಳೆದ ಆರೋಪದ ಪ್ರಕರಣ 2023ರಲ್ಲಿ ಹೊರಬಂತು, ಎನ್‌ಐಎ ತನಿಖೆ ನಡೆಸಿತು. ಆರೋಪದ ಕೇಂದ್ರದಲ್ಲಿ ಇರುವವನು ಹಳೆಯ ಭಯೋತ್ಪಾದನೆ ಪ್ರಕರಣದಲ್ಲಿ ಒಳಗಿರುವ ಕೈದಿ. ಸಣ್ಣಪುಟ್ಟ ಪ್ರಕರಣದಲ್ಲಿ ಬಂದ ಹುಡುಗರು ಅವನ ಕೈಗೆ ಸಿಕ್ಕರು ಎಂಬುದು ತನಿಖಾ ಸಂಸ್ಥೆಯ ವಾದ. ತೀರ್ಪು ಕೋರ್ಟಿನದ್ದು, ಅದು ಬರಲಿ. ಆದರೆ ಮನೆಯವರು ಬಾರದ, ವಕೀಲ ಬಾರದ, ಉಸ್ತಾದ್ ಬಾರದ ಬ್ಯಾರಕ್ಕಿನಲ್ಲಿ ಹತ್ತೊಂಬತ್ತರ ಹುಡುಗನಿಗೆ ಸಾಬೂನು ಕೊಡುವವನು, ಊಟ ತೆಗೆದಿಡುವವನು, ದೀನ್ ಹೇಳಿಕೊಡುವವನು ಯಾರೋ ಅವನೇ ಅವನ ಉಸ್ತಾದ್. ಅವನ ತಲೆಯಲ್ಲಿ ಏನುಂಟು ಎಂದು ಯಾರು ನೋಡುತ್ತಾರೆ?

2015ರ ಜನವರಿಯ ಪ್ಯಾರಿಸ್ ದಾಳಿಯ ನಂತರ ಫ್ರಾನ್ಸ್ ಸರಕಾರ ಮಾಡಿದ ಘೋಷಣೆಗಳಲ್ಲಿ ಜೈಲುಗಳಿಗೆ ಇನ್ನೂ 60 ಇಮಾಮರು ಎಂಬುದೂ ಇತ್ತು. ಆಗ ಅಲ್ಲಿದ್ದದ್ದು 182 ಮಂದಿ. ಮತಧರ್ಮವನ್ನು ಸರಕಾರದಿಂದ ಮಾರು ದೂರ ಇಡುವ ದೇಶ ಅದು. ಅವರಿಗೂ ಕೊನೆಗೆ ಬೇಕಾದದ್ದು ಇಮಾಮ್. ಹಾಗೆಂದು ಇಮಾಮರನ್ನು ಇಟ್ಟ ಕೂಡಲೇ ಸರಿಹೋಗುತ್ತದೆ ಎಂದೂ ಇಲ್ಲ. ಬ್ರಿಟನ್ನಿನಲ್ಲಿ 2016ರಲ್ಲಿ ಬಂದ ಇಯಾನ್ ಅಚೆಸನ್ ವರದಿ ಅಲ್ಲಿನ ಚಾಪ್ಲಿನ್ ವ್ಯವಸ್ಥೆಯ ದೌರ್ಬಲ್ಯವನ್ನು ನೇರವಾಗಿ ಟೀಕಿಸಿತು, ತರಬೇತಿ ಸಾಲದು, ಜೈಲಿನ ಕಪಾಟಿನಲ್ಲಿರುವ ಪುಸ್ತಕಗಳನ್ನೇ ನೋಡುವವರಿಲ್ಲ ಎಂದು. ನನ್ನ ಅಭಿಪ್ರಾಯ ಕೇಳಿದರೆ, ಇಮಾಮನನ್ನು ಪೊಲೀಸಿನ ಕಿವಿಯಾಗಿ ಕಳಿಸಿದರೆ ಕೈದಿಗಳು ಎರಡನೇ ವಾರಕ್ಕೆ ಕಂಡುಹಿಡಿಯುತ್ತಾರೆ, ಅಲ್ಲಿಗೆ ಅವನ ಕೆಲಸ ಮುಗಿಯಿತು. ಅತ್ತ ಕೈದಿಗಳ ಕೊರಿಯರ್ ಆದರೂ ಮುಗಿಯಿತು. ಪರಪ್ಪನ ಅಗ್ರಹಾರದ ಪ್ರಕರಣದಲ್ಲೇ 2025ರ ಜುಲೈನಲ್ಲಿ ಜೈಲಿನ ಮನೋವೈದ್ಯರೊಬ್ಬರನ್ನು ಕೈದಿಗಳಿಗೆ ಫೋನ್ ಒದಗಿಸಿದ ಆರೋಪದ ಮೇಲೆ ಬಂಧಿಸಿದ್ದನ್ನು ಓದಿದ್ದೀರಿ. ಒಳಗೆ ಹೋಗುವವನ ಮೇಲೆ ಎರಡೂ ಕಡೆಯಿಂದ ಒತ್ತಡ ಇರುತ್ತದೆ. ಸುಮ್ಮನೆ ಒಳ್ಳೆಯ ಮನುಷ್ಯನಾದರೆ ಸಾಲದು, ಎಲ್ಲಿ ಇಲ್ಲ ಎನ್ನಬೇಕು ಎಂದು ಗೊತ್ತಿರಬೇಕು.

ಫಿಖ್ಹ್ ಗೊತ್ತಿದ್ದವನೇ ಬೇಕು

ಜೈಲಿಗೆ ಯಾರಾದರೊಬ್ಬ ಭಾಷಣ ಚೆನ್ನಾಗಿ ಮಾಡುವವರು ಹೋದರೆ ಆಯಿತಲ್ಲ ಎನ್ನುವವರಿಗೆ ಒಂದೆರಡು ಉದಾಹರಣೆ. ಜುಮಾ ತೆಗೆದುಕೊಳ್ಳಿ. ನಾವು ಶಾಫಿಗಳು, ಜುಮಾಕ್ಕೆ ಊರಿನ ಖಾಯಂ ನಿವಾಸಿಗಳಾದ ನಲವತ್ತು ಮಂದಿ ಬೇಕು. ಜೈಲಿನಲ್ಲಿ ಇನ್ನೂರು ಮಂದಿ ಮುಸ್ಲಿಮರಿದ್ದರೂ ಅವರು ಖಾಯಂ ನಿವಾಸಿಗಳಾ? ಹನಫಿಗಳಿಗೆ ಆ ಸಂಖ್ಯೆ ಬೇಡ, ಆದರೆ ಎಲ್ಲರಿಗೂ ಮುಕ್ತ ಪ್ರವೇಶ ಬೇಕೆಂಬ ಷರತ್ತು ಉಂಟು. ಜೈಲಿಗೆ ಮುಕ್ತ ಪ್ರವೇಶ ಎಲ್ಲಿಯದು? ಗೇಟು ಮುಚ್ಚಿದ್ದು ಭದ್ರತೆಗೆ, ನಮಾಝಿಗಳನ್ನು ತಡೆಯಲಿಕ್ಕಲ್ಲ, ಆದ್ದರಿಂದ ಜುಮಾ ಆಗುತ್ತದೆ ಎನ್ನುವ ಉಲಮಾಗಳೂ ಇದ್ದಾರೆ, ಝುಹರ್ ಮಾಡಿದರೆ ಸಾಕು ಎನ್ನುವವರೂ ಇದ್ದಾರೆ. ಫತ್ವಾ ಕೊಡುವುದು ನನ್ನ ಕೆಲಸವಲ್ಲ. ಬಳ್ಳಾರಿಯಲ್ಲೋ ಬೆಂಗಳೂರಿನಲ್ಲೋ ಒಂದೇ ಬ್ಯಾರಕ್ಕಿನಲ್ಲಿ ಉಳ್ಳಾಲದವನೂ ಹಡಗಲಿಯವನೂ ಇರುವಾಗ ಇದು ವಾರಕ್ಕೊಮ್ಮೆ ಜಗಳವಾಗಬಹುದು ಎಂದಷ್ಟೇ ಹೇಳುತ್ತಿದ್ದೇನೆ. ಅಮೆರಿಕದಲ್ಲಿ ಜುಮಾದ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಹೊರಗೆ ಕೆಲಸಕ್ಕೆ ಕಳಿಸಿದ ಮುಸ್ಲಿಂ ಕೈದಿಗಳು ಜುಮಾಕ್ಕೆ ಮರಳಲು ಬಿಡಬೇಕೆಂದು ಕೇಳಿದರು, 1987ರಲ್ಲಿ ಒಂದೇ ಒಂದು ಮತದ ಅಂತರದಲ್ಲಿ ಸೋತರು. ಅದಕ್ಕೂ ಮೊದಲು, 1972ರಲ್ಲಿ, ಟೆಕ್ಸಾಸಿನ ಬೌದ್ಧ ಕೈದಿಯೊಬ್ಬ ಗೆದ್ದಿದ್ದ. ಕ್ರೈಸ್ತರಿಗೂ ಯಹೂದಿಗಳಿಗೂ ಸರಕಾರಿ ಖರ್ಚಲ್ಲಿ ಧರ್ಮಗುರುಗಳು, ಇವನು ತನ್ನ ಧರ್ಮದ ಪುಸ್ತಕ ಇನ್ನೊಬ್ಬನಿಗೆ ಕೊಟ್ಟದ್ದಕ್ಕೆ ಒಂಟಿ ಸೆಲ್ ಎಂಬುದು ಅವನ ದೂರು.

ಚಾಚಾನ ಮಗನ ವಿಷಯಕ್ಕೇ ಬನ್ನಿ. ತಾಯಿಯ ಜನಾಝ ಸಿಗಲಿಲ್ಲ. ಅವನು ಶಾಫಿಯಾಗಿದ್ದರೆ ಒಳಗಿದ್ದುಕೊಂಡೇ ಗಾಯಿಬ್ ಮಯ್ಯಿತ್ ನಮಾಝ್ ಮಾಡಬಹುದಿತ್ತು. ಹನಫಿಗಳಲ್ಲಿ ಅದಿಲ್ಲ, ದುಆ ಮತ್ತು ಸವಾಬ್ ಮುಟ್ಟಿಸುವುದು ಉಂಟು. ನಮ್ಮ ಕಡೆಯ ಒಬ್ಬ ಉತ್ಸಾಹಿ ಹೋಗಿ, ಬಾ ಗಾಯಿಬ್ ಮಾಡುವ ಎಂದರೆ ಪಕ್ಕದಲ್ಲಿದ್ದ ಇನ್ನೊಬ್ಬ ಅದು ಸರಿಯಲ್ಲ ಎನ್ನುತ್ತಾನೆ, ದುಃಖದಲ್ಲಿರುವ ಹುಡುಗ ನಡುವೆ ನಿಲ್ಲುತ್ತಾನೆ. ಅವನದ್ದೇ ಮದ್‌ಹಬ್‌ನಲ್ಲಿ ಅವನಿಗೆ ಏನು ಸಾಧ್ಯವೋ ಅದನ್ನು ಹೇಳಿ, ಜತೆಗೆ ಕೂತು ಯಾಸೀನ್ ಓದುವವನು ಬೇಕು. ಉರ್ದು ಬರಬೇಕು, ಉತ್ತರ ಕರ್ನಾಟಕದ ಕನ್ನಡ ಅರ್ಥವಾಗಬೇಕು, ಮಲಯಾಳಂ ಬಂದರೆ ಇನ್ನೂ ಒಳ್ಳೆಯದು. ಮದ್ರಸದ ಸಿಲೆಬಸ್ಸಿನಲ್ಲಿ ಇದು ಇಲ್ಲ. ಆಸ್ಪತ್ರೆಯಲ್ಲಿ ರೋಗಿಯ ಹತ್ತಿರ, ಜೈಲಿನಲ್ಲಿ ಕೈದಿಯ ಹತ್ತಿರ ಹೇಗೆ ಮಾತಾಡುವುದು ಎಂದು ಯುವ ಆಲಿಮರಿಗೆ ಕಲಿಸುವ ಒಂದು ಆರು ತಿಂಗಳ ಕೋರ್ಸು ನಮ್ಮ ದೊಡ್ಡ ಕಾಲೇಜುಗಳಿಗೆ ಕಷ್ಟದ ಮಾತಲ್ಲ.

ಈ ವಿಷಯದಲ್ಲಿ ನಾವು ಕಣ್ಣು ಹಾಯಿಸಬೇಕಾದದ್ದು ಕ್ರೈಸ್ತ ಸಹೋದರರ ಕಡೆಗೆ. ಕೆಥೊಲಿಕರ ಪ್ರಿಸನ್ ಮಿನಿಸ್ಟ್ರಿ ಇಂಡಿಯಾ 1980ರ ದಶಕದ ಆರಂಭದಲ್ಲಿ ಕೇರಳದಲ್ಲಿ ಕೆಲವು ಸೆಮಿನರಿ ವಿದ್ಯಾರ್ಥಿಗಳಿಂದ ಶುರುವಾದದ್ದು, ಈಗ ದೇಶದ ಎಷ್ಟೋ ಜೈಲುಗಳಲ್ಲಿ ಅವರ ಸ್ವಯಂಸೇವಕರಿದ್ದಾರೆ. ಸಿಸ್ಟರ್‌ಗಳು ಮಹಿಳಾ ವಿಭಾಗಕ್ಕೆ ಹೋಗುತ್ತಾರೆ. ಬಿಡುಗಡೆಯಾದವರಿಗೆ ಉಳಿಯಲು ಮನೆ, ಕೈದಿಗಳ ಮಕ್ಕಳಿಗೆ ಶಾಲೆ. ಕೈದಿಯ ಜಾತಿ ಧರ್ಮ ಅವರು ನೋಡುವುದಿಲ್ಲ. ತಿಹಾರಿನಲ್ಲಿ 1994ರಲ್ಲಿ ಕಿರಣ್ ಬೇಡಿ ಕಾಲದಲ್ಲಿ ಗೋಯೆಂಕಾ ಅವರ ವಿಪಶ್ಯನ ಶಿಬಿರಗಳು ನಡೆದದ್ದು, ನಮ್ಮ ರಂಗಾಯಣದ ಹುಲುಗಪ್ಪ ಕಟ್ಟಿಮನಿ ಅವರು ರಾಜ್ಯದ ಕೈದಿಗಳಿಂದ ನಾಟಕ ಆಡಿಸಿದ್ದು ಬೇರೆ ಬಗೆಯವು, ಆದರೂ ಗೇಟಿನಾಚೆಯ ಮನುಷ್ಯನ ಹತ್ತಿರ ವಾರಗಟ್ಟಲೆ ಹೋಗಿ ಕೂತವರೇ ಅವರೆಲ್ಲ. ನಮ್ಮಲ್ಲಿ ಜಮೀಅತೆ ಉಲಮಾದಂಥವರು ಕೋರ್ಟಿನ ಕೆಲಸದಲ್ಲಿ ನೆರವಾಗುತ್ತಾರೆ, ಅದು ದೊಡ್ಡದೇ. ಬ್ಯಾರಕ್ಕಿನ ಒಳಗಿನ ಕೆಲಸ ಖಾಲಿ ಬಿದ್ದಿದೆ. ಮಹಿಳಾ ಬ್ಯಾರಕ್ಕಿನ ಮಾತಂತೂ ಕೇಳುವುದೇ ಬೇಡ. ಆರು ವರ್ಷದವರೆಗಿನ ಮಕ್ಕಳು ತಾಯಿಯ ಜತೆ ಒಳಗೇ ಇರಬಹುದು. ಆ ಮಕ್ಕಳಿಗೆ ಅಲಿಫ್ ಬಾ ಹೇಳಿಕೊಡಲು ಒಬ್ಬಳು ಆಲಿಮಾ ಹೋದ ಸುದ್ದಿ ನಾನು ಕೇಳಿಲ್ಲ.

ಮಂಗಳೂರಿನ ಗೋಡೆ

ಒಂದು ಕಷ್ಟದ ಮಾತು ಇಲ್ಲಿ ಹೇಳಲೇಬೇಕು. ಮಂಗಳೂರು ಕೊಡಿಯಾಲ್‌ಬೈಲಿನ ಜೈಲಿನಲ್ಲಿ ಕೈದಿಗಳನ್ನು ಗ್ಯಾಂಗ್ ನೋಡಿ, ಸಮುದಾಯ ನೋಡಿ ಬೇರೆ ಬೇರೆ ಬ್ಲಾಕಿನಲ್ಲಿ ಇಡುವ ಪರಿಪಾಠದ ಬಗ್ಗೆ ಪತ್ರಿಕೆಗಳಲ್ಲಿ ಹಲವು ಬಾರಿ ಬಂದಿದೆ. ಹೊಡೆದಾಟ ತಪ್ಪಿಸಲು ಎಂಬುದು ಸಮರ್ಥನೆ. 2015ರ ನವೆಂಬರ್‌ನಲ್ಲಿ ಅದೇ ಜೈಲಿನೊಳಗೆ ಇಬ್ಬರ ಕೊಲೆಯಾಯಿತು, ಬೇರೆ ಇಟ್ಟದ್ದರಿಂದ ಏನೂ ತಪ್ಪಲಿಲ್ಲ. ಜೈಲಿನಲ್ಲಿ ಜಾತಿ ನೋಡಿ ಕೆಲಸ ಹಂಚುವುದು, ಬ್ಯಾರಕ್ ಹಂಚುವುದು ಸಂವಿಧಾನ ವಿರೋಧಿ ಎಂದು ಸುಪ್ರೀಂ ಕೋರ್ಟ್ ಸುಕನ್ಯಾ ಶಾಂತಾ ಪ್ರಕರಣದಲ್ಲಿ 2024ರ ಅಕ್ಟೋಬರ್ 3ರಂದು ಹೇಳಿ ಆಗಿದೆ. ಹೊರಗೆ ಮೊಹಲ್ಲಾಗಳು ಬೇರೆ, ಒಳಗೆ ಬ್ಲಾಕುಗಳು ಬೇರೆ ಎಂದಾದರೆ ಬಿಡುಗಡೆಯಾಗಿ ಬರುವವನು ಹೋದದ್ದಕ್ಕಿಂತ ಕೆಟ್ಟು ಬರುತ್ತಾನೆ.

ಇಂಥ ಕಡೆ ಉಸ್ತಾದ್ ಒಬ್ಬರು ತಮ್ಮವರ ಬ್ಲಾಕಿಗೆ ಮಾತ್ರ ಹೋಗಿ, ಸ್ವಾಮೀಜಿಯೊಬ್ಬರು ತಮ್ಮವರ ಬ್ಲಾಕಿಗೆ ಮಾತ್ರ ಹೋಗಿ ಬಂದರೆ ಗೋಡೆ ಇನ್ನಷ್ಟು ದಪ್ಪವಾಗುತ್ತದೆ. ಹಾಗಾಗಿ ನಾನು ಒಂಟಿ ಜೈಲು ಇಮಾಮ್ ಬೇಕೆಂದು ಕೇಳುವವನಲ್ಲ. ಪ್ರತಿ ಕೇಂದ್ರ ಮತ್ತು ಜಿಲ್ಲಾ ಜೈಲಿನಲ್ಲಿ ಎಲ್ಲ ಧರ್ಮಗಳ ಒಪ್ಪಿಗೆ ಪಡೆದವರ ಒಂದು ತಂಡ, ಒಂದೇ ಕೋಣೆ, ಒಂದೇ ರಿಜಿಸ್ಟರ್. ಮುಸ್ಲಿಂ ಹುಡುಗನ ಮನೆಯಲ್ಲಿ ಸಾವಾದ ದಿನ ಉಸ್ತಾದ್ ಬಾರದಿದ್ದರೆ ಅಲ್ಲಿದ್ದ ಫಾದರ್ ಹೋಗಿ ಹೇಳಲಿ. ಹಿಂದೂ ಕೈದಿಗೆ ಉಸ್ತಾದರೇ ನೀರು ಕೊಟ್ಟು ಕೂರಿಸಲಿ. ಇಂಗ್ಲೆಂಡಿನಲ್ಲೂ ಈಗ ಹೀಗೆ ಬಹುಧರ್ಮೀಯ ತಂಡವಾಗಿಯೇ ಕೆಲಸ. ಮತಾಂತರ ಮಾಡಿಸುತ್ತಾರೆ ಎಂಬ ಗುಮಾನಿಗೂ ಇದು ತಕ್ಕ ಉತ್ತರ, ಒಬ್ಬರ ಕೆಲಸ ಇನ್ನೊಬ್ಬರ ಕಣ್ಣೆದುರೇ ನಡೆಯುತ್ತದಲ್ಲ.

ಸರಕಾರ ಹುದ್ದೆ ಸೃಷ್ಟಿಸಿ ಸಂಬಳ ಕೊಡುವವರೆಗೆ ಕಾಯಬೇಕಾ ಎಂದರೆ, ಬೇಡ. ಜೈಲುಗಳಿಗೆ ಅಧಿಕಾರೇತರ ಸಂದರ್ಶಕರನ್ನು ನೇಮಿಸುವ ಅವಕಾಶ ನಿಯಮದಲ್ಲೇ ಉಂಟು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದವರು ಅರೆಕಾಲಿಕ ಕಾನೂನು ಸ್ವಯಂಸೇವಕರನ್ನು ತೆಗೆದುಕೊಳ್ಳುತ್ತಾರೆ. ಒಬ್ಬ ಯುವ ಆಲಿಮ್ ಆ ತರಬೇತಿಯನ್ನೂ ಪಡೆದರೆ ಅವನ ಕೈಗೆ ದೊಡ್ಡ ಆಯುಧ ಸಿಗುತ್ತದೆ. ಯಾಕೆ ಹೇಳುತ್ತೇನೆ ಎಂದರೆ, 2024ರ ಜುಲೈಯಿಂದ ಜಾರಿಯಲ್ಲಿರುವ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಸೆಕ್ಷನ್ನಿನಂತೆ, ಮೊದಲ ಸಲ ಆರೋಪಿಯಾದವನು ಆ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ ಬಾಂಡ್ ಮೇಲೆ ಬಿಡಬೇಕು. ಜೀವಾವಧಿ, ಮರಣದಂಡನೆಯ ಪ್ರಕರಣಗಳಿಗೆ, ಒಂದಕ್ಕಿಂತ ಹೆಚ್ಚು ಕೇಸಿದ್ದವರಿಗೆ ಅದಿಲ್ಲ. ಕೋರ್ಟಿಗೆ ಅರ್ಜಿ ಹಾಕುವ ಹೊಣೆ ಜೈಲು ಸೂಪರಿಂಟೆಂಡೆಂಟರದ್ದೇ. ಬಡ ಕೈದಿಗಳಿಗೆ ಕೇಂದ್ರದ ನೆರವಿನ ಯೋಜನೆಯೂ 2023ರಿಂದ ಇದೆ. 2023ರಲ್ಲಿ ಶುರುವಾದಾಗ ಜಾಮೀನಿಗೆ 40,000 ರೂ.ವರೆಗೆ, ದಂಡ ಕಟ್ಟಲು 25,000 ರೂ.ವರೆಗೆ ಎಂದಿತ್ತು. ಮಾದಕ ವಸ್ತು ಕಾಯ್ದೆ, ಯುಎಪಿಎ, ಹಣ ಅಕ್ರಮ ವರ್ಗಾವಣೆ, ಭ್ರಷ್ಟಾಚಾರ ಪ್ರಕರಣದವರಿಗೆ ಅನ್ವಯಿಸುವುದಿಲ್ಲ. ಜಾಮೀನು ಸಿಕ್ಕಿದರೂ ಪಹಣಿ ತರುವ ಜಾಮೀನುದಾರ ಸಿಗದೆ ಒಳಗೇ ಉಳಿದವರು ಎಷ್ಟೋ ಮಂದಿ. ಯಾರು ಹೀಗೆ ಬಾಕಿಯಾಗಿದ್ದಾರೆ ಎಂದು ಗೊತ್ತಾಗುವುದು ಬ್ಯಾರಕ್ಕಿನಲ್ಲಿ ಕೂತು ಮಾತಾಡಿದವನಿಗೆ, ಹಣ್ಣು ಹಂಚಿ ಬಂದವನಿಗಲ್ಲ.

ಹಣದ ಪ್ರಶ್ನೆ ಬಂದರೆ ನಮ್ಮಲ್ಲಿ ಝಕಾತ್ ಉಂಟು. ಝಕಾತಿನ ಎಂಟು ಬಾಬುಗಳಲ್ಲಿ ಸಾಲದಲ್ಲಿ ಮುಳುಗಿದವನಿದ್ದಾನೆ, ಬಂಧನದಲ್ಲಿರುವವನ ಬಿಡುಗಡೆಯೂ ಇದೆ. ಗುಲಾಮರ ಬಿಡುಗಡೆಗೆ ಎಂದಿದ್ದದ್ದನ್ನು ಇಂದಿನ ವಿಚಾರಣಾಧೀನ ಕೈದಿಗೆ ಅನ್ವಯಿಸಬಹುದೇ ಎಂಬುದರಲ್ಲಿ ಉಲಮಾಗಳಲ್ಲಿ ಭಿನ್ನಾಭಿಪ್ರಾಯ ಉಂಟು, ಅವರೇ ಹೇಳಲಿ. ಸದಕಕ್ಕೆ ಆ ತೊಡಕೂ ಇಲ್ಲ. ಅಲ್ ಇನ್ಸಾನ್ ಅಧ್ಯಾಯದಲ್ಲಿ ಅನ್ನ ಕೊಡಬೇಕಾದವರೆಂದು ಹೆಸರಿಸಿದ ಮೂವರಲ್ಲಿ ಬಡವ, ಅನಾಥನ ಜತೆಗೆ ಸೆರೆಯಾಳೂ ಇದ್ದಾನೆ. ಯೂಸುಫ್ ನಬಿಯವರ ಕಥೆ ಪ್ರತಿ ವರ್ಷ ಖುತ್ಬಾದಲ್ಲಿ ಕೇಳುತ್ತೇವೆ. ಜೈಲಿನಿಂದ ಹೊರಬೀಳುವ ಗೆಳೆಯನಿಗೆ ಅವರು ಹೇಳಿ ಕಳಿಸಿದ್ದು ಒಂದೇ, ನಿನ್ನ ಯಜಮಾನನ ಹತ್ತಿರ ನನ್ನ ವಿಷಯ ತೆಗೆ ಎಂದು. ಅವನು ಮರೆತುಬಿಟ್ಟ. ಅದರಿಂದ ಅವರಿಗೆ ಇನ್ನೂ ಕೆಲವು ವರ್ಷ ಒಳಗೆ. ಕಥೆಯ ಈ ಭಾಗದ ಮೇಲೆ ಖುತ್ಬಾ ಕಡಿಮೆ.

ನಮ್ಮ ಜಮಾಅತ್‌ಗಳಲ್ಲಿ ಡ್ರಗ್ಸ್ ಪ್ರಕರಣದವರ ಬಗ್ಗೆ ಕಠಿಣ ತೀರ್ಮಾನಗಳು ಆಗುತ್ತಿವೆ. ನಿಕಾಹ್‌ಗೆ ಸಹಕರಿಸುವುದಿಲ್ಲ, ಸದಸ್ಯತ್ವ ಇಲ್ಲ ಇತ್ಯಾದಿ. ಎಂಡಿಎಂಎ ಮನೆಗಳನ್ನು ಹೇಗೆ ಹಾಳುಮಾಡಿದೆ ಎಂದು ನೋಡಿದವರಿಗೆ ಆ ಸಿಟ್ಟು ಅರ್ಥವಾಗುತ್ತದೆ. ಆದರೆ ಅದೇ ಹುಡುಗ ಒಳಗೆ ಹೋದ ಮೇಲೆ ಅವನ ಉಮ್ಮನ ಮನೆಗೆ ಯಾರು ಹೋಗುತ್ತಾರೆ? ಮೂರು ವರ್ಷ ಬಿಟ್ಟು ಅವನು ಬಂದಾಗ ಪಳ್ಳಿಯ ಕೊನೆಯ ಸಾಲಿನಲ್ಲಿ ನಿಂತರೆ ಪಕ್ಕದವನು ಸರಿದು ನಿಲ್ಲುತ್ತಾನಾ, ಸಲಾಂ ಹೇಳುತ್ತಾನಾ? ಜೈಲಿಗೆ ಹೋಗುತ್ತಿದ್ದ ಉಸ್ತಾದ್ ಒಬ್ಬರಿದ್ದರೆ, ಇವನು ಬದಲಾಗಿದ್ದಾನೆ, ನನಗೆ ಗೊತ್ತುಂಟು ಎಂದು ಕಮಿಟಿಯ ಮುಂದೆ ಹೇಳುವ ಬಾಯಿ ಇರುತ್ತದೆ. ಬದಲಾಗಿಲ್ಲದಿದ್ದರೆ ಅದನ್ನೂ ಅವರೇ ಹೇಳಬಲ್ಲರು.

ಹೊಳಲಿನ ಚಾಚಾಗೆ ನಾನು ಹೇಳಲು ಸಾಧ್ಯವಾದದ್ದು ಸ್ವಲ್ಪವೇ. ಸಾವಾದ ಕೂಡಲೇ ವಕೀಲರ ಮೂಲಕ ಕೋರ್ಟಿಗೆ ಅರ್ಜಿ ಹಾಕಿದ್ದರೆ ಕಾವಲಿನ ಜತೆ ಮಣ್ಣಿಗೆ ಕಳಿಸುವ, ಇಲ್ಲವೇ ಕೆಲವು ದಿನದ ಮಧ್ಯಂತರ ಜಾಮೀನು ಕೊಡುವ ಅವಕಾಶ ಇತ್ತು ಎಂದೆ. "ಆವತ್ತು ಯಾರ್ರಿ ಹೇಳೋರು?" ಎಂದರು. ಅರ್ಜಿ ಕಳಿಸಲು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ವಿಳಾಸ ಬರೆದುಕೊಟ್ಟೆ, ಮಗನ ಮೇಲಿನ ಸೆಕ್ಷನ್ ಯಾವುದು, ಎಷ್ಟು ದಿನ ಆಯಿತು ಎಂದು ಕೇಳಿ ಬರೆದುಕೊಂಡೆ. ಅಷ್ಟರಲ್ಲಿ ಬಾಂಗ್ ಆಯಿತು.

ನಮಾಝ್ ಮುಗಿಸಿ ಬರುವಾಗ ಚಾಚಾ ಕೈ ಹಿಡಿದು ಕೇಳಿದರು: "ಬರೋ ಸೋಮವಾರ ಮುಲಾಖಾತಿಗೆ ಹೊಂಟೀನ್ರಿ. ನಮ್ಮ ಇಮಾಮ್ ಸಾಹೇಬ್ರನ್ನ ಜೋಡಿ ಕರಕೊಂಡು ಹೋದ್ರ ಒಳಗ ಬಿಡ್ತಾರೇನು?"

ಗೊತ್ತಿಲ್ಲ ಚಾಚಾ, ಒಂದು ಅರ್ಜಿ ಬರೆದು ತೆಗೆದುಕೊಂಡು ಹೋಗಿ ಎಂದೆ. ಬೇಕರಿಯಲ್ಲಿ ಕೂತು ಆ ಅರ್ಜಿಯನ್ನು ಸೂಪರಿಂಟೆಂಡೆಂಟರ ಹೆಸರಿಗೆ ಬರೆದದ್ದು ನಾನೇ. ಇಮಾಮ್ ಸಾಹೇಬರು ಆಧಾರ್ ಕಾರ್ಡಿನ ಜೆರಾಕ್ಸ್ ತಂದುಕೊಟ್ಟು ಸಹಿ ಹಾಕಿದರು.